ಅಜ್ಜಿ ಹುಳ ತಿಂದ ಆರ್‌ಎನ್‌ಎ ಮರಿಮಕ್ಕಳ ಜೀನನ್ನ ಹೆಂಗ ಬಾಯಿ ಮುಚ್ಚಿಸ್ತೈತಿ? ಲೆಕ್ಕ ಕೂಡವಲ್ತು

ಘಟಪ್ರಭಾ ದಂಡಿ, ಬಾಗಲಕೋಟೆ
ಎಲ್ಲಾರಿಗೂ ನಮಸ್ಕಾರ್ರಿ. ಸಿ. ಎಲೆಗನ್ಸ್ ಅನ್ನೂ ಪ್ರಯೋಗಶಾಲಾದ ಸಣ್ಣ ದುಂಡು ಹುಳದ ಬಗ್ಗೆ ಒಂದು ಲೆಕ್ಕ ಕೇಳೂದೈತಿ. ತಾಯಿ ಹುಳಕ್ಕ ಜಿಎಫ್‌ಪಿ (ಹಸಿರು ಹೊಳಿಯೂ ಪ್ರೋಟೀನು) ಜೀನಿಗೆ ಹೊಂದೂ ಜೋಡಿ ಎಳಿ ಆರ್‌ಎನ್‌ಎ ತಿನ್ನಿಸಿದ್ರ ಅದರ ಹಸಿರು ಹೊಳಪು ಆರ್ತೈತಿ. ಅಲ್ಲೀತನಕ ಸರಿ. ಆದ್ರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಆ ಆರ್‌ಎನ್‌ಎ ಬಾಯಾಗ ಇಡದೇ ಹೊಳಪಿಲ್ಲದ ಹುಟ್ತಾವ. ಡಿಎನ್‌ಎದಾಗ ಒಂದು ಅಕ್ಷರಾನೂ ಬದಲಾಗಿರೂದಿಲ್ಲ.

ಒಂದು ಹುಳ ಹೆಚ್ಚೂಕಮ್ಮಿ 300 ಮರಿ ಕೊಡ್ತೈತಿ. ಅಜ್ಜಿ ಹೊಟ್ಟ್ಯಾಗಿನ ಆರ್‌ಎನ್‌ಎ ಬರೇ ಹಂಚಿಕೋತ ಹೋದ್ರ ನಾಲ್ಕನೇ ತಲೆಮಾರಿಗೆ 300ರ ನಾಲ್ಕನೇ ಘಾತ, ಅಂದ್ರ 810 ಕೋಟಿ ಪಾಲು. ಒಬ್ಬೊಬ್ಬರ ಪಾಲಿಗೆ ಒಂದು ಅಣುನೂ ಬರೂದಿಲ್ಲ. ಹಂಗಾದ್ರ ದಾಟಿ ಹೋಗೂದು ಏನು?

ಇನ್ನೊಂದು ಪ್ರಶ್ನೆ. ಫ್ಲೂರೊಸೆನ್ಸ್ ಸೂಕ್ಷ್ಮದರ್ಶಕ ಇಲ್ಲದ ಕಾಲೇಜಿನ ಪ್ರಯೋಗಶಾಲಾದಾಗ ಇದನ್ನ ಎಂ.ಎಸ್ಸಿ ಹುಡುಗರಿಗೆ ಮಾಡಿ ತೋರಿಸಾಕ ಬರ್ತೈತೇನು?

ಕೋಟೆಕೆರೆ, ಬೆಳಗಾವಿ
ನಿಮ್ಮ ಲೆಕ್ಕ ಸರಿಯಾಗಿದೆ, ಅದರಿಂದಲೇ ಉತ್ತರ ಹೊರಡುತ್ತದೆ. ತಿಂದ ಆರ್‌ಎನ್‌ಎ ಹಂಚಿಹೋಗುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಬರೆಯಲ್ಪಡುತ್ತದೆ.

ಕರುಳಿಗೆ ಬಂದ ಉದ್ದನೆಯ ಜೋಡಿ ಎಳೆಯನ್ನು ಎಸ್‌ಐಡಿ-2 ಎಂಬ ಪ್ರೋಟೀನು ಒಳಗೆ ಸೆಳೆಯುತ್ತದೆ. ಎಸ್‌ಐಡಿ-1 ಎಂಬ ಪೊರೆಯ ಪ್ರೋಟೀನು ಅದನ್ನು ಬೇರೆ ಜೀವಕೋಶಗಳೊಳಗೆ, ಅಂಡಾಶಯದವರೆಗೂ ಬಿಡುತ್ತದೆ. ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 23 ಅಕ್ಷರದ ತುಂಡುಗಳಾಗಿ ಕತ್ತರಿಸುತ್ತದೆ. ಆರ್‌ಡಿಇ-1 ಎಂಬ ಆರ್ಗೊನಾಟ್ ಪ್ರೋಟೀನು ಆ ತುಂಡನ್ನು ಹಿಡಿದುಕೊಂಡು ಅದಕ್ಕೆ ಹೊಂದುವ ಎಂಆರ್‌ಎನ್‌ಎ (ಪ್ರೋಟೀನು ಮಾಡಲು ಜೀನಿನಿಂದ ಬರೆದ ಪ್ರತಿ) ಹುಡುಕುತ್ತದೆ. ಮುಖ್ಯ ಕೆಲಸ ಇನ್ನು ಮುಂದೆ. ಸಿಕ್ಕಿಬಿದ್ದ ಎಂಆರ್‌ಎನ್‌ಎ ತುಂಡಾಗುತ್ತದೆ, ಆ ತುಂಡಿನ ಕೊನೆಗೆ ಆರ್‌ಡಿಇ-3 ಎಂಬ ಕಿಣ್ವ ಯು-ಜಿ-ಯು-ಜಿ ಎಂದು ಬಾಲ ಕಟ್ಟುತ್ತದೆ. ಈ ಬಾಲದ ವಿಷಯ 2020ರಲ್ಲಿ ಸ್ಕಾಟ್ ಕೆನಡಿ ಗುಂಪಿನಿಂದ ಹೊರಬಂತು. ಬಾಲವಿದ್ದ ತುಂಡಿನ ಮೇಲೆ ಆರ್‌ಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಕೂತು, 22 ಅಕ್ಷರದ, ಜಿ ಅಕ್ಷರದಿಂದ ಶುರುವಾಗುವ ಹೊಸ ಎಳೆಗಳನ್ನು ಸಾಲುಸಾಲಾಗಿ ಹೊರಡಿಸುತ್ತದೆ. ಇವನ್ನೇ 22ಜಿ ಅನ್ನುತ್ತಾರೆ.

ಈ 22ಜಿಗಳನ್ನು ಬೀಜಕೋಶದಲ್ಲಿ (ಅಂಡ, ವೀರ್ಯವಾಗುವ ಜೀವಕೋಶ) ಎಚ್‌ಆರ್‌ಡಿಇ-1 ಎಂಬ ಇನ್ನೊಂದು ಆರ್ಗೊನಾಟ್ ಹೊತ್ತುಕೊಂಡು ನ್ಯೂಕ್ಲಿಯಸ್ಸಿಗೆ ಹೋಗಿ, ಅಲ್ಲಿ ಆ ಜೀನಿನ ಪ್ರತಿ ಬರೆಯುವುದನ್ನೇ ತಡೆಯುತ್ತದೆ. 2012ರಲ್ಲಿ ಅದನ್ನು ಗುರುತಿಸಿದ್ದೇ ಆನುವಂಶಿಕತೆ ಕೈಕೊಟ್ಟ ಹುಳಗಳನ್ನು ಹುಡುಕುವಾಗ. ಅದಿಲ್ಲದ ಹುಳಕ್ಕೆ ಜೋಡಿ ಎಳೆ ತಿನ್ನಿಸಿದರೆ ಆ ಹುಳದಲ್ಲಿ, ಮಕ್ಕಳಲ್ಲಿ ಜೀನು ಸುಮ್ಮನಾಗುತ್ತದೆ. ಮುಂದಿನವರಿಗೆ ದಾಟುವುದಿಲ್ಲ.

ಗೋಕಾಕ ನೀರು
ಅಂದ್ರ ಹೆಪ್ಪು. ಅಜ್ಜಿ ಹಾಕಿದ ಹೆಪ್ಪಿನ ಹನಿ ಇವತ್ತಿನ ಮೊಸರಿನಾಗ ಇರೂದಿಲ್ಲ, ಆದ್ರ ಮೊಸರು ಅದ.

ಬಾರಾಕಮಾನ್, ವಿಜಯಪುರ
ಛಲೋ ಹೇಳಿದ್ರಿ. ಹೆಪ್ಪಿಗೆ ದಿನಾ ಹೊಸ ಹಾಲು ಬೇಕು, ಅದನ್ನೂ ಕೂಡಸ್ರಿ. ಇಲ್ಲಿ ಹಾಲು ಅಂದ್ರ ಆ ಜೀನಿನ ಎಂಆರ್‌ಎನ್‌ಎ. ಬೀಜಕೋಶದಾಗ ಆ ಎಂಆರ್‌ಎನ್‌ಎ ಇರದಿದ್ರ ಪಾಲಿಮರೇಸ್ ನೋಡಿ ಬರಿಯಾಕ ಏನೂ ಇರೂದಿಲ್ಲ. ಅದಕ್ಕ ಸ್ನಾಯುವಿನ ಜೀನು ಯುಎನ್‌ಸಿ-22ಕ್ಕ ಆರ್‌ಎನ್‌ಎ ತಿನ್ನಿಸಿದ್ರ ತಾಯಿ, ಮಕ್ಕಳು ಗಡಗಡ ನಡಗ್ತಾವ, ಮುಂದ ತಲೆಮಾರುಗಟ್ಟಲೆ ನಡಿಯೂದಿಲ್ಲ. ಅಂಡಾಶಯದಾಗ ಕೆಲಸ ಮಾಡೂ ಜೀನುಗಳೇ ತಲೆಮಾರು ದಾಟೂದು. ಪ್ರಯೋಗಕ್ಕ ಜೀನು ಆರಿಸುವಾಗ ಇದು ಮೊದಲನೇ ಮಾತು.

ಇಳಕಲ್ ಅಂಚು
ಎಷ್ಟು ತಲೆಮಾರು ನಡೆಯುತ್ತದೆ ಅನ್ನುವುದನ್ನೂ ಯಾರಾದರೂ ಹೇಳಿ. ಪಠ್ಯದಲ್ಲಿ ಒಂದು ಕಡೆ "ಕೆಲವು", ಇನ್ನೊಂದು ಕಡೆ "80" ಅಂತ ಇರುತ್ತದೆ.

ಕೋಟೆಕೆರೆ, ಬೆಳಗಾವಿ
ಎರಡೂ ನಿಜ. ತಿನ್ನಿಸಿ ಸುಮ್ಮನಾಗಿಸಿದ ಜಿಎಫ್‌ಪಿ ಸಾಮಾನ್ಯವಾಗಿ ಮೂರರಿಂದ ಐದು ತಲೆಮಾರಿನಲ್ಲಿ ಮರಳುತ್ತದೆ. 2006ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ, ಪ್ರತಿ ಸಲ ಸುಮ್ಮನಿದ್ದ ಹುಳಗಳನ್ನೇ ಆರಿಸಿ ಬೆಳೆಸುತ್ತ ಹೋಗಿ 80 ತಲೆಮಾರಿನಾಚೆಗೂ ಅದು ಉಳಿದದ್ದು ಕಂಡಿತು. ಆರಿಸಿದ್ದು ಅನ್ನುವುದನ್ನು ಬಿಟ್ಟು ಆ ಸಂಖ್ಯೆಯನ್ನಷ್ಟೇ ಪಾಠದಲ್ಲಿ ಹೇಳುವುದು ತಪ್ಪು ಕಲ್ಪನೆ ಕೊಡುತ್ತದೆ.

ತಾನಾಗಿ ಆರುವುದಕ್ಕೂ ಕಾರಣವಿದೆ. ಪಾಲಿಮರೇಸ್ ಬಾಲದ ಕಡೆಯಿಂದ ಹಿಂದಕ್ಕೆ ಬರೆಯುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲಿ ಕತ್ತರಿಸಿ ಬಾಲ ಕಟ್ಟಿಸಿಕೊಳ್ಳುವ ತುಂಡು ಮೊದಲಿಗಿಂತ ಗಿಡ್ಡವಾಗುತ್ತದೆ. ತುಂಡು ಗಿಡ್ಡವಾಗುತ್ತಾ ಹೋದರೆ ಒಂದು ದಿನ ಬರೆಯಲು ಜಾಗವೇ ಉಳಿಯುವುದಿಲ್ಲ. ಇದೊಂದು ಅಂತರ್ಗತ ಬ್ರೇಕು ಎಂಬ ಅಭಿಪ್ರಾಯ ಬಲವಾಗಿದೆ.

ಖಾನಾಪುರ ಮಳಿ
ಇಷ್ಟೆಲ್ಲ ಯಾಕೆ? ಡಿಎನ್‌ಎ ಮೆಥಿಲೇಷನ್, ಅಂದರೆ ಡಿಎನ್‌ಎ ಮೇಲೆ ಮೀಥೈಲ್ ಗುರುತು, ಆಗುತ್ತೆ, ಅದು ಮಕ್ಕಳಿಗೆ ಹೋಗುತ್ತೆ, ಅಷ್ಟೇ ಅಲ್ಲವೇ?

ಬಾರಾಕಮಾನ್, ವಿಜಯಪುರ
ಈ ಹುಳದಾಗ ಸೈಟೊಸಿನ್ (ಡಿಎನ್‌ಎದ ಸಿ ಅಕ್ಷರ) ಮೆಥಿಲೇಷನ್ ಇಲ್ಲರಿ. ಅದಕ್ಕ ಬೇಕಾದ ಕಿಣ್ವಗಳೇ ಇಲ್ಲ. ಸಸ್ಯದ ಪಾಠ, ಇಲಿಯ ಪಾಠ ತಂದು ಹುಳದ ಮ್ಯಾಲೆ ಹಚ್ಚಬಾರದು.

ಖಾನಾಪುರ ಮಳಿ
ಹಾಗಾದರೆ ಹಿಸ್ಟೋನ್, ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನು. ಅದರ ಎಚ್3ಕೆ9 ಎಂಬ ಜಾಗದ ಮೇಲೆ ಮೂರು ಮೀಥೈಲ್ ಕೂರುವುದು ಹುಳದಲ್ಲೂ ಇದೆ, ಎಚ್‌ಆರ್‌ಡಿಇ-1 ಅದನ್ನೇ ಮಾಡಿಸುತ್ತದೆ. ಗುರುತು ಅಲ್ಲಿದ್ದ ಮೇಲೆ ಆರ್‌ಎನ್‌ಎ ಬರೀ ಕೂಲಿ ಆಳು.

ಕೋಟೆಕೆರೆ, ಬೆಳಗಾವಿ
ಆ ಗುರುತು ಬೀಳುವುದು ನಿಜ, ನೆನಪಿನ ವಾಹಕ ಅದೇ ಅನ್ನುವುದು ನಿಲ್ಲುವುದಿಲ್ಲ. ಮೂರು ಕಾರಣ ಇವೆ. ಎಸ್‌ಇಟಿ-25, ಎಸ್‌ಇಟಿ-32 ಎಂಬ ಮೀಥೈಲ್ ಕಿಣ್ವಗಳು ಮೌನವನ್ನು ಮೊದಲ ಸಲ ನೆಲೆಗೊಳಿಸಲು ಬೇಕು, ನೆಲೆಗೊಂಡ ಮೇಲೆ ಮುಂದುವರಿಸಲು ಹೆಚ್ಚು ಬೇಕಾಗುವುದಿಲ್ಲ. ಎಚ್3ಕೆ9 ಗುರುತನ್ನೇ ಬಹುತೇಕ ಕಳಚಿದ ಹುಳಗಳಲ್ಲೂ ಎಚ್‌ಆರ್‌ಡಿಇ-1 ಸುಮ್ಮನಾಗಿಸುವ ಅನೇಕ ಜೀನುಗಳು ಸುಮ್ಮನೇ ಇರುತ್ತವೆ. ಇನ್ನೂ ವಿಚಿತ್ರವೆಂದರೆ ಎಂಇಟಿ-2 ಎಂಬ ಮೀಥೈಲ್ ಕಿಣ್ವ ತೆಗೆದರೆ ಆನುವಂಶಿಕ ಮೌನ ಕಡಿಮೆಯಾಗುವ ಬದಲು ತಲೆಮಾರು ತಲೆಮಾರು ಮುಗಿಯದೆ ನಡೆಯುತ್ತದೆ. ಗುರುತೇ ವಾಹಕವಾಗಿದ್ದರೆ ಹೀಗಾಗಬಾರದು.

ಖಾನಾಪುರ ಮಳಿ
ಎಂಇಟಿ-2 ಇಲ್ಲದಾಗ ಯಾಕೆ ಉದ್ದವಾಗುತ್ತದೆ?

ಕೋಟೆಕೆರೆ, ಬೆಳಗಾವಿ
ಒಂದೇ ಯಂತ್ರಕ್ಕೆ ಎರಡು ಕಡೆಯಿಂದ ಬೇಡಿಕೆ ಇದೆ. ಹುಳದೊಳಗೆ ತನ್ನದೇ ಜೀನುಗಳಿಗೆ ಹುಟ್ಟುವ 22ಜಿಗಳೂ ಇವೆ, ಹೊರಗಿನಿಂದ ತಿನ್ನಿಸಿದ್ದರಿಂದ ಹುಟ್ಟಿದವೂ ಇವೆ. ಪಾಲಿಮರೇಸ್, ಆರ್ಗೊನಾಟ್ ಎರಡಕ್ಕೂ ಹಂಚಬೇಕು. ಸ್ವಂತದವು ಕಡಿಮೆಯಾದರೆ ಹೊರಗಿನವಕ್ಕೆ ಹೆಚ್ಚು ಪಾಲು. ಎಂಇಟಿ-2 ಇಲ್ಲದ ಹುಳಗಳಲ್ಲಿ ಸ್ವಂತ ಚಿಕ್ಕ ಆರ್‌ಎನ್‌ಎಗಳ ಸಮತೋಲ ಕೆಡುತ್ತದೆ. ಓಡೆಡ್ ರೆಚಾವಿ ಗುಂಪು 2016ರಿಂದ ಈ ಸ್ಪರ್ಧೆಯನ್ನೇ ಬಿಡಿಸಿ ತೋರಿಸುತ್ತಾ ಬಂದಿದೆ.

ಘಟಪ್ರಭಾ ದಂಡಿ, ಬಾಗಲಕೋಟೆ
ಲೆಕ್ಕ ಈಗ ಕೂಡಿತು. ಇನ್ನ ಪ್ರಯೋಗದ ಮಾತು ಹೇಳ್ರಿ ಯಾರರ.

ಬಾರಾಕಮಾನ್, ವಿಜಯಪುರ
ಫ್ಲೂರೊಸೆನ್ಸ್ ಇಲ್ಲಂದ್ರ ಒಎಂಎ-1 ಜೀನು ಹಿಡೀರಿ. ಅದರ ಝಡ್‌ಯು405 ಅನ್ನೂ ರೂಪಾಂತರ ಇರೂ ಹುಳ 15–16 ಡಿಗ್ರಿಯಾಗ ಬದುಕ್ತೈತಿ, 20 ಡಿಗ್ರಿಯಾಗ ಮೊಟ್ಟಿ ಇಡ್ತೈತಿ ಆದ್ರ ಒಡೆಯೂದಿಲ್ಲ. ಒಎಂಎ-1ಕ್ಕ ಆರ್‌ಎನ್‌ಎ ತಿನ್ನಿಸಿ ಆ ಜೀನನ್ನ ಸುಮ್ಮನ ಮಾಡಿದ್ರ 20ರಾಗೂ ಮೊಟ್ಟಿ ಒಡೀತಾವ. ಅಂದ್ರ ಓದೂದು ಏನು? ಮೊಟ್ಟಿ ಒಡೀತೋ ಇಲ್ಲೋ. ಸಾದಾ ಡಿಸೆಕ್ಟಿಂಗ್ ಸೂಕ್ಷ್ಮದರ್ಶಕ ಸಾಕು.

ಪ್ಲೇಟ್ ಲೆಕ್ಕ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗರ್ 17 ಗ್ರಾಂ, ನೀರು 975 ಮಿ.ಲೀ. ಆಟೊಕ್ಲೇವ್ ಆಗಿ 55 ಡಿಗ್ರಿಗೆ ಇಳಿದ ಮ್ಯಾಲೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., ಎಥನಾಲಿನಾಗ ಕರಗಿಸಿದ 5 ಮಿ.ಗ್ರಾಂ/ಮಿ.ಲೀ. ಕೊಲೆಸ್ಟ್ರಾಲ್ 1 ಮಿ.ಲೀ., 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 1 ಮಿ.ಲೀ., ಪಿಎಚ್ 6ರ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿ.ಲೀ. ಒಂದು ಹಾಕಿ ತಿರುವಿ, ಆಮ್ಯಾಲೆ ಇನ್ನೊಂದು. ಎಲ್ಲಾ ಒಮ್ಮೆಲೆ ಸುರುವಿದ್ರ ಕ್ಯಾಲ್ಸಿಯಂ ಫಾಸ್ಫೇಟ್ ಬೆಳ್ಳಗ ಕೂಡ್ತೈತಿ.

ತಿನ್ನಿಸೂ ಪ್ಲೇಟಿಗೆ ಇನ್ನೆರಡು: ಐಪಿಟಿಜಿ (ಬ್ಯಾಕ್ಟೀರಿಯಾದಾಗ ಜೋಡಿ ಎಳಿ ಬರಿಯೂದನ್ನ ಶುರು ಮಾಡಸೂ ರಾಸಾಯನಿಕ) 1 ಮಿಲಿಮೋಲಾರ್, ಕಾರ್ಬೆನಿಸಿಲಿನ್ ಆಂಟಿಬಯಾಟಿಕ್ ಮಿ.ಲೀ.ಗೆ 25 ಮೈಕ್ರೊಗ್ರಾಂ. ಐಪಿಟಿಜಿ ಬೆಳಕಿಗೆ ಕೆಡ್ತೈತಿ, ಪ್ಲೇಟನ್ನ ಕತ್ತಲ್ಯಾಗ 4 ಡಿಗ್ರಿಗೆ ಇಡ್ರಿ, ಹಳೇದು ಬಳಸಬ್ಯಾಡ್ರಿ. ಹುಳ ತಿನ್ನೂ ಬ್ಯಾಕ್ಟೀರಿಯಾನೇ ಜೋಡಿ ಎಳಿ ತಯಾರಿಸ್ತೈತಿ, ಅದು ಎಚ್‌ಟಿ115 ಆಗಬೇಕು. ಅದರಾಗ ಜೋಡಿ ಎಳಿ ಕತ್ತರಿಸೂ ಆರ್‌ಎನ್‌ಏಸ್-3 ಇರೂದಿಲ್ಲ, ಅದಕ್ಕ ಎಳಿ ಉಳೀತೈತಿ. ಜೀನಿನ ತುಂಡು ಹೊರೂ ಪ್ಲಾಸ್ಮಿಡ್ ಎಲ್4440, ಎರಡೂ ಕಡಿ ಟಿ7 ಪ್ರಮೋಟರ್. ರಾತ್ರಿ 37 ಡಿಗ್ರಿಯಾಗ ಬೆಳಸಿ, ಪ್ಲೇಟಿಗೆ ಹಾಕಿ, ಕೋಣಿ ತಾಪಮಾನದಾಗ ಒಂದು ರಾತ್ರಿ ಬಿಟ್ಟು, ಮರುದಿನ ಎಲ್4, ಅಂದ್ರ ಮರಿಯ ಕಡೀ ಹಂತದ ಹುಳ ಬಿಡ್ರಿ.

ಟೆಟ್ರಾಸೈಕ್ಲಿನ್ ಅನ್ನೂ ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ಗೆರಿ ಎಳಿಯೂ ಪ್ಲೇಟಿಗಷ್ಟೇ. ತಿನ್ನಿಸೂ ಪ್ಲೇಟಿಗೆ ಹಾಕಿದ್ರ ಪರಿಣಾಮ ಇಳೀತೈತಿ.

ಗೋಕಾಕ ನೀರು
ಅಗರ್ ಬದ್ಲಿ ಬಜಾರಿನ ಚೈನಾ ಗ್ರಾಸ್ ನಡೀತದೇನ್ರಿ? ಅಗರ್ ರೇಟು ಭಾಳ ಅದ.

ಬಾರಾಕಮಾನ್, ವಿಜಯಪುರ
ಬ್ಯಾಡ್ರಿ. ಗಟ್ಟಿತನ ಒಂದೇ ಸಮ ಇರೂದಿಲ್ಲ, ಮೆತ್ತಗಾದ್ರ ಹುಳ ಒಳಗ ಕೊರಕೊಂಡು ಹೋಗ್ತಾವ, ಎಣಿಸಾಕ ಸಿಗೂದಿಲ್ಲ. ಅಗರ್ ಉಳಸಬೇಕಂದ್ರ 35 ಮಿ.ಮೀ. ಸಣ್ಣ ಪ್ಲೇಟ್ ಬಳಸ್ರಿ.

ಕೋಟೆಕೆರೆ, ಬೆಳಗಾವಿ
ಒಎಂಎ-1ಕ್ಕೆ ಒಂದು ಎಚ್ಚರಿಕೆ. ಅದರ ಜೊತೆಗಾರ ಜೀನು ಒಎಂಎ-2, ಅಕ್ಷರಗಳ ಸಾಲು ಬಹಳ ಹತ್ತಿರ. ಎರಡೂ ಒಟ್ಟಿಗೆ ಸುಮ್ಮನಾದರೆ ಅಂಡ ಪಕ್ವವಾಗುವುದೇ ಇಲ್ಲ, ಹುಳ ಬಂಜೆ. ಎರಡರಲ್ಲೂ ಸಮಾನವಾದ ಭಾಗ ಬಿಟ್ಟು ಒಎಂಎ-1ರಲ್ಲಿ ಮಾತ್ರ ಇರುವ ತುಂಡನ್ನು ಎಲ್4440ಕ್ಕೆ ಸೇರಿಸಿ. ಮೊಟ್ಟೆಯೇ ಕಾಣದಿದ್ದರೆ ಕಾರಣ ಹೆಚ್ಚಾಗಿ ಇಲ್ಲಿರುತ್ತದೆ.

ಇಳಕಲ್ ಅಂಚು
ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 20 ಡಿಗ್ರಿಯಲ್ಲಿ ಜೀನು ಸುಮ್ಮನಿದ್ದ ಮೊಟ್ಟೆ ಮಾತ್ರ ಒಡೆಯುತ್ತದೆ. ಅಂದರೆ ಮುಂದಿನ ತಲೆಮಾರಿನ ತಾಯಂದಿರೆಲ್ಲ ಮೌನ ಉಳಿಸಿಕೊಂಡವರೇ. ಮೇಲೆ ಹೇಳಿದ 80 ತಲೆಮಾರಿನ ಆಯ್ಕೆ ನಿಮ್ಮ ಪ್ಲೇಟಿನಲ್ಲಿ ತಾನಾಗಿಯೇ ನಡೆಯುತ್ತಿರುತ್ತದೆ. "ಮೌನ ಹತ್ತು ತಲೆಮಾರು ನಡೆಯಿತು" ಅಂತ ಬರೆದರೆ ಅದಕ್ಕೆ ಅರ್ಥ ಉಳಿಯುವುದಿಲ್ಲ.

ಪರಿಹಾರ ಹೀಗೆ: ವಂಶಗಳನ್ನು 16 ಡಿಗ್ರಿಯಲ್ಲಿ, ಯಾರನ್ನೂ ಆರಿಸದೆ ಬೆಳೆಸಿ. ಪ್ರತಿ ತಲೆಮಾರಿನಲ್ಲಿ ಅವರ ಅಕ್ಕತಂಗಿಯರಲ್ಲಿ ಕೆಲವರನ್ನು ಎಲ್4 ಹಂತದಲ್ಲಿ 20ಕ್ಕೆ ಸಾಗಿಸಿ, ಮೊಟ್ಟೆ ಇಟ್ಟ ಮೇಲೆ ತಾಯಿಯನ್ನು ತೆಗೆದು, 24 ಗಂಟೆ ಬಿಟ್ಟು ಒಡೆದದ್ದು ಒಡೆಯದ್ದು ಎಣಿಸಿ. ಎಣಿಸಿದವರನ್ನು ಮತ್ತೆ ವಂಶಕ್ಕೆ ಸೇರಿಸಬೇಡಿ.

ಘಟಪ್ರಭಾ ದಂಡಿ, ಬಾಗಲಕೋಟೆ
16ಕ್ಕ ಒಂದು, 20ಕ್ಕ ಒಂದು, ಎರಡು ಇನ್‌ಕ್ಯುಬೇಟರ್ ಬೇಕಾಗ್ತಾವಲ್ಲ. ಪರಿಸರ ವಿಜ್ಞಾನದವರ ಕಡೆ ಬಿಒಡಿ (ನೀರಿನ ಮಾಲಿನ್ಯ ಅಳಿಯೂ ಪರೀಕ್ಷಾ) ಇನ್‌ಕ್ಯುಬೇಟರ್ ಐತಿ, ಅದು ನಡೀತೈತೇನು?

ಬಾರಾಕಮಾನ್, ವಿಜಯಪುರ
ಭಾಳ ಛಲೋ ನಡೀತೈತಿ, ತಂಪು ಮಾಡೂ ಯಂತ್ರ ಅದರಾಗ ಐತಿ. ಒಂದೇ ನೋಡ್ಕೋರಿ: ನಮ್ಮ ದೇಶದ ಬಿಒಡಿ ಪರೀಕ್ಷಾ 27 ಡಿಗ್ರಿ, ಮೂರು ದಿನ. ಅದನ್ನ 27ರಾಗ ಬಿಟ್ಟಿರ್ತಾರ. 27ರ ಹತ್ತಿರ ಹೋದ್ರ ಈ ಹುಳಕ್ಕ ಮರಿ ಆಗೂದಿಲ್ಲ. ಗುಂಡಿ ಒತ್ತಿ ಹೋಗಿಬಿಡಬ್ಯಾಡ್ರಿ, ಒಳಗ ಗರಿಷ್ಠ-ಕನಿಷ್ಠ ತೋರಿಸೂ ಥರ್ಮಾಮೀಟರ್ ಇಟ್ಟು ದಿನಾ ಬರಕೋರಿ.

ಗೋಕಾಕ ನೀರು
ಕರೆಂಟು ಹೋದ್ರ?

ಕೋಟೆಕೆರೆ, ಬೆಳಗಾವಿ
ಇದು ಸಣ್ಣ ಪ್ರಶ್ನೆಯಲ್ಲ, ಈ ವಿಷಯದ ಹೊಟ್ಟೆಯಲ್ಲೇ ಇರುವ ಪ್ರಶ್ನೆ. 2021ರಲ್ಲಿ ರೆಚಾವಿ ಗುಂಪು ತೋರಿಸಿದ್ದು ಇದನ್ನೇ: ಆನುವಂಶಿಕ ಮೌನ ಹೊತ್ತ ಹುಳಕ್ಕೆ ಬಿಸಿ, ಹೆಚ್ಚು ಉಪ್ಪು ಅಥವಾ ಉಪವಾಸದ ಒತ್ತಡ ಕೊಟ್ಟರೆ ಹಿಂದಿನವರಿಂದ ಬಂದ ಚಿಕ್ಕ ಆರ್‌ಎನ್‌ಎ ಮೌನ ಅಳಿಸಿಹೋಗುತ್ತದೆ, ಮುಂದಿನ ಮಕ್ಕಳಿಗೂ ಬರುವುದಿಲ್ಲ. ಇದು ಬರೀ ಹಾನಿಯಲ್ಲ, ಒತ್ತಡದ ಸಂಕೇತ ಮಾರ್ಗದ ಮೂಲಕ ನಡೆಯುವ ಕ್ರಮಬದ್ಧ ಅಳಿಸುವಿಕೆ.

ಅತ್ತ 2017ರಲ್ಲಿ ಬೆನ್ ಲೆಹ್ನರ್ ಗುಂಪು ಇನ್ನೊಂದು ತುದಿ ತೋರಿಸಿತು. ಒಂದು ಬಗೆಯ ಸೇರಿಸಿದ ಜೀನು ಹೊತ್ತ ಹುಳಗಳನ್ನು ಐದು ತಲೆಮಾರು 25 ಡಿಗ್ರಿಯಲ್ಲಿಟ್ಟು 20ಕ್ಕೆ ತಂದರೆ, ಬಿಸಿಯಲ್ಲಿ ಹೆಚ್ಚಾದ ಆ ಜೀನಿನ ಕೆಲಸ 14 ತಲೆಮಾರು ಹೆಚ್ಚಾಗಿಯೇ ಉಳಿಯಿತು. ಅಂದರೆ ತಾಪಮಾನ ಮೌನವನ್ನು ಅಳಿಸಲೂ ಬಲ್ಲದು, ತನ್ನದೇ ಗುರುತು ಬಿಡಲೂ ಬಲ್ಲದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಕೋಣೆಯೊಳಗೆ ಪ್ಲೇಟ್ ಬಿಟ್ಟು ಮಾಡಿದ ಪ್ರಯೋಗದಲ್ಲಿ ಮೌನ ಮಾಯವಾದರೆ ಏನಾಯಿತೆಂದು ಯಾರೂ ಹೇಳಲಾರರು.

ಬಾರಾಕಮಾನ್, ವಿಜಯಪುರ
ಖರೇ. ಬ್ಯಾಸಗಿ ಬಿಟ್ಟು ನವೆಂಬರದಾಗ ಶುರು ಮಾಡ್ರಿ. ಕರೆಂಟು ಹೋದ್ರ ಬಾಗಿಲು ತಗೀಬ್ಯಾಡ್ರಿ, ಭಾಳ ಹೊತ್ತಾದ್ರ ಥರ್ಮೊಕೋಲ್ ಪೆಟ್ಟಿಗ್ಯಾಗ ಹಾಕ್ರಿ. ಐಸ್ ಪ್ಯಾಕ್ ಪ್ಲೇಟಿಗೆ ತಾಗಬಾರದು, ನಡುವ ದಪ್ಪ ಬಟ್ಟಿ ಇರಲಿ. ಥರ್ಮಾಮೀಟರ್ 25 ದಾಟಿದ್ದು ತೋರಿಸಿದ್ರ ಆ ವಂಶದ ಲೆಕ್ಕ ಅಲ್ಲಿಗೇ ಮುಗಸ್ರಿ, ಹೊಸ ತಾಯಂದಿರಿಂದ ಶುರು ಮಾಡ್ರಿ.

ಇನ್ನ ಉಪವಾಸ. ಬ್ಲೀಚ್ ಮಾಡಿ ಮೊಟ್ಟಿ ತಗದು, ಊಟ ಇಲ್ಲದ ನೀರಿನಾಗ ರಾತ್ರಿ ಬಿಟ್ಟು ಎಲ್1, ಅಂದ್ರ ಮರಿಯ ಮೊದಲ ಹಂತಕ್ಕ ಎಲ್ಲಾ ಒಂದೇ ಸಮ ತರೂದು ರೂಢಿ ಐತಿ. ಈ ಪ್ರಯೋಗದಾಗ ಅದನ್ನ ಮಾಡಬ್ಯಾಡ್ರಿ. ಮೊಟ್ಟಿ ತೊಳದು ನೇರ ಹುಳದ ದಿನದ ಊಟವಾದ ಒಪಿ50 ಬ್ಯಾಕ್ಟೀರಿಯಾ ಇರೂ ಪ್ಲೇಟಿಗೆ ಹಾಕ್ರಿ.

ಇಳಕಲ್ ಅಂಚು
ಬ್ಲೀಚ್ ಮಾತು ಬಂತಲ್ಲ, ಅದು ಯಾಕೆ ಬೇಕು ಅಂತಲೂ ಹೇಳಿಬಿಡಿ. ಈ ವಿಷಯದಲ್ಲಿ ಸುಳ್ಳು ಫಲಿತಾಂಶ ಹೆಚ್ಚಾಗಿ ಬರುವುದೇ ಅಲ್ಲಿಂದ. ತಾಯಿಯ ಮೈಗೆ, ಕರುಳಿಗೆ ಎಚ್‌ಟಿ115 ಅಂಟಿರುತ್ತದೆ. ಅವಳನ್ನು ಹೊಸ ಪ್ಲೇಟಿಗೆ ಎತ್ತಿಟ್ಟರೆ ಆ ಬ್ಯಾಕ್ಟೀರಿಯಾವೂ ಬಂದು ಬೆಳೆಯುತ್ತದೆ, ಮಕ್ಕಳು ಅದನ್ನೇ ತಿನ್ನುತ್ತವೆ. ನೀವು ಆನುವಂಶಿಕತೆ ಅಂದುಕೊಂಡದ್ದು ಬರೀ ಊಟ.

ಮಕ್ಕಳ ತಲೆಮಾರು ಹೇಗೂ ಪುರಾವೆಯಲ್ಲ. ತಾಯಿ ತಿನ್ನುವಾಗ ಅವು ಅಂಡವಾಗಿ ಅವಳ ಹೊಟ್ಟೆಯಲ್ಲೇ ಇದ್ದವು, ಜೋಡಿ ಎಳೆ ನೇರವಾಗಿ ಅಂಡಕ್ಕೂ ಸೇರುತ್ತದೆ. ಕಟ್ಟುನಿಟ್ಟಾಗಿ ಎಣಿಸಿದರೆ ಮೂರನೇ ತಲೆಮಾರಿನಿಂದ ಮಾತಾಡಬೇಕು.

ಹೋಲಿಕೆಯ ಹುಳಗಳು ಎರಡು ಇರಲೇಬೇಕು. ಒಂದು, ಖಾಲಿ ಎಲ್4440 ತಿಂದ ಹುಳ. ಇನ್ನೊಂದು, ಅದೇ ಆರ್‌ಎನ್‌ಎ ತಿಂದ, ಎಚ್‌ಆರ್‌ಡಿಇ-1 ಇಲ್ಲದ ಹುಳ. ಇದರ ಮರಿಮಕ್ಕಳಲ್ಲೂ ಮೌನ ಕಂಡರೆ ಬ್ಯಾಕ್ಟೀರಿಯಾ ದಾಟಿದೆ ಅಂತಲೇ ತಿಳಿಯಿರಿ.

ಬಾರಾಕಮಾನ್, ವಿಜಯಪುರ
ಬ್ಲೀಚಿನಾಗ 5 ನಿಮಿಷದ ಮ್ಯಾಲೆ ಬಿಡಬ್ಯಾಡ್ರಿ, ಮೊಟ್ಟಿನೂ ಸಾಯ್ತಾವ. ದೊಡ್ಡ ಹುಳದ ಮೈ ಒಡದು ಕರಗಾಕ ಹತ್ತಿದ್ದು ಕಂಡ ಕೂಡ್ಲೇ ಎಂ9 ಬಫರಿನಾಗ ಮೂರು ಸಲ ತೊಳೀರಿ.

ದಾಳಿಂಬಿ ತ್ವಾಟ, ವಿಜಯಪುರ
ಹುಳ ಎಲ್ಲಿಂದ ತರ್ತೀರಿ? ಇಂಡಿ, ತಿಕೋಟಾ ಕಡೆ ಕೊಳೆತ ದ್ರಾಕ್ಷಿ, ದಾಳಿಂಬಿ ರಾಶಿಯಾಗ ಇಂಥಾ ಹುಳ ಸಿಗ್ತಾವಂತ. ಅವನ್ನ ಹಿಡಿದ್ರ ರೊಕ್ಕ ಉಳೀತೈತಲ್ಲ.

ಕೋಟೆಕೆರೆ, ಬೆಳಗಾವಿ
ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯಾ ತಿನ್ನುವ ಹುಳ ಸಿಗುತ್ತವೆ, ಆದರೆ ಅವು ಸಿ. ಎಲೆಗನ್ಸ್ ಆಗಿರಬೇಕೆಂದಿಲ್ಲ. ಸೋದರ ಜಾತಿ ಸಿ. ಬ್ರಿಗ್ಸೆ ಇರಬಹುದು. ಜಗತ್ತಿನ ಪ್ರಯೋಗಶಾಲೆಗಳು ಬಳಸುವ ಸಿ. ಬ್ರಿಗ್ಸೆಯ ಮುಖ್ಯ ತಳಿ ಎಎಫ್16 ಸಿಕ್ಕಿದ್ದು ನಮ್ಮ ಅಹಮದಾಬಾದಿನಲ್ಲೇ. ಅದಕ್ಕೆ ತಿನ್ನಿಸಿದ ಆರ್‌ಎನ್‌ಎ ಹತ್ತುವುದಿಲ್ಲ, ಏಕೆಂದರೆ ಅದರ ಎಸ್‌ಐಡಿ-2 ಆ ಕೆಲಸ ಮಾಡದು. ಸಿ. ಎಲೆಗನ್ಸ್‌ನಿಂದ ಎಸ್‌ಐಡಿ-2 ತಂದು ಹಾಕಿದರೆ ಹತ್ತುತ್ತದೆ.

ಸಿ. ಎಲೆಗನ್ಸ್‌ನಲ್ಲೂ ಹವಾಯಿಯ ಸಿಬಿ4856 ತಳಿಗೆ ಬೀಜಕೋಶದ ಆರ್‌ಎನ್‌ಎ ಮೌನ ಸರಿಯಾಗಿ ಹತ್ತುವುದಿಲ್ಲ, ಪಿಪಿಡಬ್ಲ್ಯು-1 ಎಂಬ ಆರ್ಗೊನಾಟ್ ಕೆಟ್ಟಿದೆ. ಹಾಗಾಗಿ ಬ್ರಿಸ್ಟಲ್ ಮೂಲದ ಎನ್2 ಹಿನ್ನೆಲೆಯೇ ಬೇಕು. ದೇಶದೊಳಗೆ ಹುಳ ಸಾಕುವ ಪ್ರಯೋಗಶಾಲೆಗಳನ್ನು ಕೇಳುವುದು ಸುಲಭ. ಅಮೆರಿಕದ ಮಿನೆಸೋಟದಲ್ಲಿರುವ ಹುಳದ ತಳಿ ಕೇಂದ್ರದಿಂದ ತರಿಸುವುದಾದರೆ ಆಮದು ಅನುಮತಿ ಮೊದಲೇ ಬೇಕು.

ದಾಳಿಂಬಿ ತ್ವಾಟ, ವಿಜಯಪುರ
ನನ್ನ ಖರೇ ಪ್ರಶ್ನೆ ಬ್ಯಾರೆ. ದಾಳಿಂಬಿ ಬೇರಿಗೆ ಗಂಟು ಹುಳ ಬೀಳ್ತೈತಿ, ಮೆಲೊಯ್ಡೊಗೈನ್ ಇನ್‌ಕಾಗ್ನಿಟಾ. ಅದಕ್ಕೂ ಒಮ್ಮೆ ಇಂಥಾ ಆರ್‌ಎನ್‌ಎ ಕೊಟ್ಟು ತಲೆಮಾರುಗಟ್ಟಲೆ ಸುಮ್ಮನ ಮಾಡಾಕ ಬರೂದಿಲ್ಲೇನು? ಹುಳಾನೇ ಅಲ್ಲ ಅದೂ.

ಇಳಕಲ್ ಅಂಚು
ಹುಳವೇ, ಆದರೆ ದೂರದ ನೆಂಟ. ಅದು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಮಣ್ಣಿನಲ್ಲಿರುವ ಮರಿ ಬೇರು ಸೇರುವವರೆಗೆ ಊಟವನ್ನೇ ಮಾಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಆಕ್ಟೊಪಮಿನ್ ಅಥವಾ ರಿಸಾರ್ಸಿನಾಲ್ ಎಂಬ ರಾಸಾಯನಿಕ ಹಾಕಿ ಕುಡಿಯುವಂತೆ ಮಾಡಿ, ಜೋಡಿ ಎಳೆಯ ದ್ರಾವಣದಲ್ಲಿ ನೆನೆಸುತ್ತಾರೆ. ಹೊಲದಲ್ಲಿ ಅದಾಗದು. ಅದರ ಜೀನೋಮಿನಲ್ಲಿ ಎಸ್‌ಐಡಿ-1, ಎಸ್‌ಐಡಿ-2 ಎರಡೂ ಸಿಕ್ಕಿಲ್ಲ. ಪರಕೀಯ ಜೀನು ಹಿಡಿಯುವ ಚಿಕ್ಕ ಆರ್‌ಎನ್‌ಎಗಳಾದ ಪೈ-ಆರ್‌ಎನ್‌ಎ ವ್ಯವಸ್ಥೆ ಸಿ. ಎಲೆಗನ್ಸ್ ಇರುವ ಐದನೇ ಕವಲಿನಾಚೆಯ ದುಂಡು ಹುಳಗಳಲ್ಲಿ ಕಳೆದುಹೋಗಿದೆ. ಮಣ್ಣಿಗೆ ಬಿದ್ದ ಬರಿಯ ಜೋಡಿ ಎಳೆಯನ್ನು ಸೂಕ್ಷ್ಮಜೀವಿಗಳು ದಿನಗಳೊಳಗೆ ತಿಂದು ಮುಗಿಸುತ್ತವೆ.

ನಡೆಯಬಲ್ಲ ದಾರಿ ಸಸ್ಯವೇ ಆ ಎಳೆಯನ್ನು ಬೇರಿನಲ್ಲಿ ತಯಾರಿಸುವುದು. 2006ರಲ್ಲಿ ಅರಾಬಿಡಾಪ್ಸಿಸ್ ಗಿಡದಲ್ಲಿ 16ಡಿ10 ಎಂಬ ಜೀನನ್ನು ಗುರಿಯಾಗಿಸಿ ಗಂಟು ಹುಳ ತಗ್ಗಿಸಿದ್ದರು. ಅಲ್ಲಿ ಹುಳ ದಿನವೂ ಅದನ್ನು ಹೀರುತ್ತಿರುತ್ತದೆ, ಆನುವಂಶಿಕತೆಯ ಅವಲಂಬನೆಯೇ ಇಲ್ಲ. "ಒಮ್ಮೆ ಹಾಕಿ, ತಲೆಮಾರಿಗೆ ಮುಗಿಯಿತು" ಅಂತ ಯಾರಾದರೂ ಬಾಟಲಿ ಮಾರಿದರೆ ಕೊಳ್ಳಬೇಡಿ.

ದಾಳಿಂಬಿ ತ್ವಾಟ, ವಿಜಯಪುರ
ಹಂಗಾದ್ರ ಸದ್ಯಕ್ಕ ಗಂಟಿಲ್ಲದ ಸಸಿ ಆರಿಸೂದು, ಬೇವಿನ ಹಿಂಡಿ, ಸಾಲಿನ ನಡುವ ಚೆಂಡು ಹೂವು, ಪರ್ಪ್ಯುರಿಯೊಸಿಲಿಯಂ ಶಿಲೀಂಧ್ರ, ಇವೇ ಗತಿ. ಸಸಿ ತರುವಾಗ ಬೇರು ತೊಳದು ನೋಡೂದು ಎಲ್ಲಕ್ಕೂ ಮೊದಲು. ಒಮ್ಮೆ ಹೊಲಕ್ಕ ಬಂದ್ರ ಒಂದೊಂದು ಹೆಣ್ಣು ನೂರಾರು ಮೊಟ್ಟಿ ಲೋಳಿಯಾಗ ಇಟ್ಟು ಹೋಗ್ತೈತಿ.

ಕಲಾದಗಿ ಚಿಕ್ಕು
ಉಪವಾಸದ ಮಾತು ಬಂದದ್ದಕ್ಕೆ ಕೇಳುತ್ತೇನೆ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿತು. ನಮ್ಮ ಭಾಗದವರ ಸಕ್ಕರೆ ಕಾಯಿಲೆಗೆ ಆ ಬರವೇ ಕಾರಣ, ಹುಳದಲ್ಲಿ ಸಾಬೀತಾಗಿದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಇದರಲ್ಲಿ ಎಷ್ಟು ಹುರುಳಿದೆ?

ಕೋಟೆಕೆರೆ, ಬೆಳಗಾವಿ
ಹುಳದಲ್ಲಿ ಸಾಬೀತಾದದ್ದು ಹುಳಕ್ಕೆ. 2014ರಲ್ಲಿ ಎಲ್1 ಹಂತದಲ್ಲಿ ಉಪವಾಸ ಬಿದ್ದ ಹುಳಗಳಲ್ಲಿ ಪೋಷಣೆಗೆ ಸಂಬಂಧಿಸಿದ ಜೀನುಗಳಿಗೆ ಹೊಂದುವ ಚಿಕ್ಕ ಆರ್‌ಎನ್‌ಎಗಳು ಹುಟ್ಟಿ ಮೂರನೇ ತಲೆಮಾರಿನವರೆಗೂ ಕಂಡವು. ಆ ಮೂರನೇ ತಲೆಮಾರಿನ ಹುಳಗಳು ಹೆಚ್ಚು ಕಾಲ ಬದುಕಿದವು ಕೂಡ.

ಮನುಷ್ಯರಿಗೆ ಇದನ್ನು ಎಳೆಯಬಾರದು. ಮೊದಲ ಕಾರಣ, 22ಜಿ ಬರೆಯುವ ಆ ಪಾಲಿಮರೇಸ್ ಸಸ್ತನಿಗಳಲ್ಲಿ ಇಲ್ಲ. ಅದಿಲ್ಲದಿದ್ದರೆ ನಕಲು ಹೆಚ್ಚಿಸುವ ದಾರಿಯೇ ಇಲ್ಲ. ಇಲಿಗಳ ವೀರ್ಯದ ಚಿಕ್ಕ ಆರ್‌ಎನ್‌ಎ ಮಕ್ಕಳ ಮೇಲೆ ಪರಿಣಾಮ ಬೀರಬಹುದೆಂಬ ಕೆಲಸಗಳಿವೆ, ಅದು ಒಂದೆರಡು ತಲೆಮಾರಿನ ಬೇರೆ ಕಥೆ. 1944–45ರ ನೆದರ್ಲೆಂಡ್ಸ್ ಬರಗಾಲದ ಅಧ್ಯಯನಗಳು ಮುಖ್ಯವಾಗಿ ತಾಯಿಯ ಹೊಟ್ಟೆಯಲ್ಲೇ ಹಸಿವು ಕಂಡ ಮಕ್ಕಳದ್ದು, ಅಂದರೆ ನೇರ ಪರಿಣಾಮ. ಸುಮಾರು 150 ವರ್ಷದ ಹಿಂದಿನ ಬರದಿಂದ ಇಂದಿನವರೆಗೆ ಊಟ, ದುಡಿಮೆ, ಬಡತನ ಎಲ್ಲವೂ ಮನೆಯಿಂದ ಮನೆಗೆ ದಾಟಿವೆ, ಅವನ್ನೆಲ್ಲ ಬಿಟ್ಟು ಆರ್‌ಎನ್‌ಎ ಹಿಡಿಯುವುದು ಅನ್ಯಾಯ.

ಖಾನಾಪುರ ಮಳಿ
ಹುಳದಲ್ಲೇ ಎಲ್ಲ ಒಪ್ಪಿತವೂ ಅಲ್ಲ. ಸ್ಯೂಡೊಮೊನಾಸ್ ಪಿಎ14 ಬ್ಯಾಕ್ಟೀರಿಯಾ ತಿಂದು ಕಾಯಿಲೆ ಬಿದ್ದ ತಾಯಿ ಅದನ್ನು ಬಿಟ್ಟು ಸರಿಯಲು ಕಲಿಯುತ್ತಾಳೆ, ಆ ಕಲಿಕೆ ನಾಲ್ಕು ತಲೆಮಾರು ಹೋಗುತ್ತದೆ ಎಂದು ಪ್ರಿನ್ಸ್‌ಟನ್‌ನ ಕೊಲೀನ್ ಮರ್ಫಿ ಗುಂಪು 2019ರಲ್ಲಿ ಬರೆಯಿತು. ಬ್ಯಾಕ್ಟೀರಿಯಾದ ಪಿ11 ಎಂಬ ಚಿಕ್ಕ ಆರ್‌ಎನ್‌ಎ ಅದಕ್ಕೆ ಕಾರಣ ಎಂದು 2020ರಲ್ಲಿ. ಹಾರ್ವರ್ಡ್‌ನ ಕ್ರೇಗ್ ಹಂಟರ್ ಗುಂಪು ಅದೇ ಪ್ರಯೋಗ ಮಾಡಿದಾಗ ಮಕ್ಕಳಲ್ಲಿ ಕಂಡಿತು, ಮೊಮ್ಮಕ್ಕಳಲ್ಲಿ ಕಾಣಲಿಲ್ಲ, 2025ರಲ್ಲಿ ಪ್ರಕಟಿಸಿತು. ಅದೇ ವರ್ಷ ಇಲಿನಾಯ್ ಸ್ಟೇಟ್ ವಿಶ್ವವಿದ್ಯಾಲಯದ ಗುಂಪು ಮೊಮ್ಮಕ್ಕಳವರೆಗೆ ಕಂಡಿದೆ ಎಂದಿತು.

ಇಳಕಲ್ ಅಂಚು
ಅಲ್ಲಿ ಜಗಳ ವಿಧಾನದ ಸಣ್ಣ ಸಂಗತಿಗಳ ಮೇಲೆ. ಹುಳ ಮೊದಲು ಆರಿಸಿದ ಬ್ಯಾಕ್ಟೀರಿಯಾ ಚುಕ್ಕೆಯ ಮೇಲೆಯೇ ಸೋಡಿಯಂ ಅಜೈಡ್‌ನಿಂದ ಹಿಡಿದು ನಿಲ್ಲಿಸುವುದೋ, ಒಂದು ಗಂಟೆ ಬಿಟ್ಟು ತಣ್ಣಗೆ ಮಾಡಿ ಎಣಿಸುವುದೋ. ಪಿಎ14 ಅನ್ನು ಎಷ್ಟು ಡಿಗ್ರಿಯಲ್ಲಿ ಬೆಳೆಸಿದರು ಅನ್ನುವುದೂ ಹಾಗೇ. 25ರಲ್ಲಿ ಬೆಳೆದರೆ ಪಿ11 ಚೆನ್ನಾಗಿ ಹುಟ್ಟುತ್ತದೆ. ಎಂಆರ್‌ಎನ್‌ಎ ಮೌನದ ಪ್ರಯೋಗ ಅನೇಕ ಪ್ರಯೋಗಶಾಲೆಗಳಲ್ಲಿ ಗಟ್ಟಿಯಾಗಿ ನಿಂತಿದೆ, ವರ್ತನೆಯ ಪ್ರಯೋಗ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ಪಾಠದಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಗೋಕಾಕ ನೀರು
2024ರ ನೊಬೆಲ್ ಇದಕ್ಕೇ ಅಲ್ಲೇನ್ರಿ ಬಂದದ್ದು?

ಬಾರಾಕಮಾನ್, ವಿಜಯಪುರ
ಅದು ಮೈಕ್ರೊಆರ್‌ಎನ್‌ಎಗೆ, ಆಂಬ್ರೋಸ್ ಮತ್ತ ರುವ್ಕುನ್ ಅವರಿಗೆ. ಹುಳ ಅದೇ, ಆರ್‌ಎನ್‌ಎ ಬ್ಯಾರೆ. ಮೈಕ್ರೊಆರ್‌ಎನ್‌ಎ ಜೀನೋಮಿನಾಗೇ ಬರದಿರ್ತೈತಿ, ಪ್ರತಿ ಹುಳಾನೂ ತಾನೇ ಮಾಡ್ಕೋತೈತಿ. ಜೋಡಿ ಎಳಿ ಮೌನದ ನೊಬೆಲ್ 2006ರದ್ದು, ಫೈರ್ ಮತ್ತ ಮೆಲ್ಲೊ, ಅವರ ಪ್ರಬಂಧ 1998ರದ್ದು.

ಘಟಪ್ರಭಾ ದಂಡಿ, ಬಾಗಲಕೋಟೆ
ಹುಡುಗರು ಕೇಳೂ ಇನ್ನೊಂದು ಮಾತು: ಈ ಯಂತ್ರ ಇಷ್ಟು ಜೋರೈತಿ ಅಂದ್ರ ಹುಳ ತನ್ನ ಜೀನುಗಳನ್ನ ತಾನೇ ಯಾಕ ಮುಚ್ಚೂದಿಲ್ಲ?

ಕೋಟೆಕೆರೆ, ಬೆಳಗಾವಿ
ಎರಡು ಕಡೆಯ ಪಹರೆ ಇದೆ. 15,000ಕ್ಕೂ ಹೆಚ್ಚು ಬಗೆಯ ಪೈ-ಆರ್‌ಎನ್‌ಎಗಳು ಪಿಆರ್‌ಜಿ-1 ಪ್ರೋಟೀನಿನ ಜೊತೆ ಸೇರಿ ಪರಕೀಯ ಎಂಆರ್‌ಎನ್‌ಎ ಹುಡುಕುತ್ತವೆ, ಹೊಂದಾಣಿಕೆ ಪೂರ್ತಿ ಇರಬೇಕೆಂದೂ ಇಲ್ಲ. ಸಿಕ್ಕಿದ್ದಕ್ಕೆ 22ಜಿ ಹುಟ್ಟುತ್ತವೆ. ಇನ್ನೊಂದು ಕಡೆ ಸಿಎಸ್‌ಆರ್-1 ಎಂಬ ಆರ್ಗೊನಾಟ್ ಬೀಜಕೋಶದ ಸ್ವಂತ ಜೀನುಗಳಿಗೆ ಹೊಂದುವ 22ಜಿ ಹೊತ್ತು ಅವನ್ನು ಕಾಯುತ್ತದೆ.

ಇದರಿಂದ ಪ್ರಯೋಗಕ್ಕೂ ಒಂದು ಪಾಠ ಇದೆ. ಹೊಸದಾಗಿ ಸೇರಿಸಿದ ಜಿಎಫ್‌ಪಿ ಜೀನು ಯಾರೂ ಏನೂ ತಿನ್ನಿಸದೆಯೇ ಪೈ-ಆರ್‌ಎನ್‌ಎಯಿಂದ ಸುಮ್ಮನಾಗಿಬಿಡಬಹುದು. ಆಮೇಲೆ ಪಿಆರ್‌ಜಿ-1 ತೆಗೆದರೂ ಆ ಮೌನ ಹೋಗುವುದಿಲ್ಲ, ಅದನ್ನು ಉಳಿಸುವ ಕೆಲಸ ಎಚ್‌ಆರ್‌ಡಿಇ-1 ಕಡೆಗೆ ಹೋಗಿರುತ್ತದೆ. 20 ತಲೆಮಾರಿಗೂ ಮಿಕ್ಕಿ ನಡೆದದ್ದು ಕಂಡಿದೆ. ಹಾಗಾಗಿ ಮುಂದೆ ಜಿಎಫ್‌ಪಿ ತಳಿ ತಂದರೆ, ತಿನ್ನಿಸುವ ಮೊದಲೇ ಎಷ್ಟು ಹುಳ ಹೊಳೆಯುತ್ತವೆ ಎಂದು ಎಣಿಸಿ ಬರೆದಿಡಿ.

ಘಟಪ್ರಭಾ ದಂಡಿ, ಬಾಗಲಕೋಟೆ
ಕಡೀ ಪ್ರಶ್ನೆ. ಒಂದೊಂದು ತಲೆಮಾರಿಗೆ ಎಷ್ಟು ಹುಳ ಎಣಸೂದು? ಒಂದು ಪ್ಲೇಟಿನಾಗ 200 ಮರಿ ಇದ್ರ ಸಾಕಾಗ್ತೈತೇನು?

ಇಳಕಲ್ ಅಂಚು
ಸಾಲದು, ಒಂದೇ ತಾಯಿಯ 200 ಆದರೆ ನಿಮ್ಮ ಹತ್ತಿರ ಇರುವುದು ಒಂದೇ ಅಂಕಿ. ರೆಚಾವಿ ಗುಂಪು 2020ರಲ್ಲಿ ತೋರಿಸಿದಂತೆ ಒಬ್ಬ ತಾಯಿಯ ಮಕ್ಕಳು ಒಂದೇ ರೀತಿ ವರ್ತಿಸುತ್ತವೆ, ತಾಯಿಯಿಂದ ತಾಯಿಗೆ ಮಾತ್ರ ಬಹಳ ವ್ಯತ್ಯಾಸ. ಜೀನೋಮು ಒಂದೇ, ಪ್ಲೇಟು ಒಂದೇ, ಆದರೂ ಒಬ್ಬಳ ವಂಶ ಉಳಿಸಿಕೊಳ್ಳುತ್ತದೆ, ಪಕ್ಕದವಳದ್ದು ಬಿಟ್ಟುಬಿಡುತ್ತದೆ. ಎಚ್‌ಎಸ್‌ಎಫ್-1 ಎಂಬ ಶಾಖ ಪ್ರತಿಕ್ರಿಯೆಯ ನಿಯಂತ್ರಕ ತಾಯಿಯಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದಕ್ಕೂ ಇದಕ್ಕೂ ನಂಟಿದೆ.

ಆದ್ದರಿಂದ 12ರಿಂದ 20 ತಾಯಂದಿರನ್ನು ಒಬ್ಬೊಬ್ಬರಾಗಿ ಬೇರೆ ಬೇರೆ 35 ಮಿ.ಮೀ. ಪ್ಲೇಟಿನಲ್ಲಿಟ್ಟು, ಪ್ಲೇಟಿಗೆ ವಂಶದ ಸಂಖ್ಯೆ ಬರೆಯಿರಿ. ಪ್ರತಿ ಪ್ಲೇಟಿನಲ್ಲಿ 30ರಷ್ಟು ಮೊಟ್ಟೆ ಎಣಿಸಿದರೂ ಸಾಕು. ಶೇಕಡಾವಾರು ಲೆಕ್ಕ ತಾಯಿಗೆ ಒಂದು, ಗ್ರಾಫಿನಲ್ಲಿ ಚುಕ್ಕೆ ತಾಯಿಗೆ ಒಂದು. ಎಲ್ಲ ಮರಿಗಳನ್ನು ಕೂಡಿಸಿ ಒಂದೇ ಸರಾಸರಿ ತೆಗೆಯಬೇಡಿ.

ಬಾರಾಕಮಾನ್, ವಿಜಯಪುರ
ಪ್ಲೇಟಿನ ಸಂಖ್ಯೆ ಮುಚ್ಚಳದ ಮ್ಯಾಲೆ ಬರಿಬ್ಯಾಡ್ರಿ, ತಳದ ಮ್ಯಾಲೆ ಬರೀರಿ. ಎಣಸೂ ಹುಡುಗನಿಗೆ ಯಾವುದು ಖಾಲಿ ಎಲ್4440, ಯಾವುದು ಒಎಂಎ-1 ಅಂತ ಗೊತ್ತಾಗದಂಗ ಇನ್ನೊಬ್ಬರು ಸಂಕೇತ ಹಾಕಿ ಕೊಡ್ರಿ. ಸಂಕೇತದ ಚೀಟಿ ಎಣಿಕೆ ಮುಗಿದ ಮ್ಯಾಲೇ ಬಿಚ್ಚೂದು.